ಚೋಕ್ ಮೇಲಿನ ಹೆಸರು ಒಂದು, ಕಾಗದ ಹೇಳೋದು ಇನ್ನೊಂದು

ಕೋವಿಯ ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ ಚೋಕ್ ಟ್ಯೂಬಿನ ಮೇಲೆ ಕೆತ್ತಿರುವ ಹೆಸರನ್ನು ನಾನು ಓದುತ್ತೇನೆ, ಆದರೆ ನಂಬುವುದಿಲ್ಲ. ನನ್ನದು 12 ಬೋರಿನ ಜೋಡು ನಳಿಗೆ ಕೋವಿ, ಒಂದರ ಮೇಲೊಂದು ನಳಿಗೆ ಇರುವಂಥದ್ದು. ಹೊಡೆಯುವುದು ಯಂತ್ರದಿಂದ ಹಾರಿಸುವ ಕ್ಲೇ ತಟ್ಟೆಗಳಿಗೆ ಮಾತ್ರ. ಕೋವಿಯ ಡಬ್ಬಿಯಲ್ಲೇ ಐದು ಟ್ಯೂಬ್ ಬಂದಿದ್ದವು, ಸಡಿಲದಿಂದ ಬಿಗಿಯ ಕಡೆಗೆ ಹೀಗೆ: ಸಿಲಿಂಡರ್, ಇಂಪ್ರೂವ್ಡ್ ಸಿಲಿಂಡರ್, ಮಾಡಿಫೈಡ್, ಇಂಪ್ರೂವ್ಡ್ ಮಾಡಿಫೈಡ್, ಫುಲ್. ಯಾವುದು ಹಾಕಲಿ ಅಂತ ರೇಂಜಿನಲ್ಲಿ ನಾಲ್ಕು ಜನರನ್ನು ಕೇಳಿದರೆ ಐದು ಉತ್ತರ ಸಿಗುತ್ತದೆ. ಎಲ್ಲರೂ ಖಡಾಖಂಡಿತವಾಗಿ ಹೇಳುತ್ತಾರೆ. ಕಾಗದಕ್ಕೆ ಹೊಡೆದು ನೋಡಿದವರು ಅವರಲ್ಲಿ ಕಡಿಮೆ.

ಚೋಕ್ ಅಂದರೆ ನಳಿಗೆಯ ಬಾಯಿಯ ಹತ್ತಿರದ ಸಣ್ಣ ಬಿಗಿತ, ಅಷ್ಟೇ. 12 ಬೋರ್ ನಳಿಗೆಯ ಒಳಗಿನ ಅಳತೆ ಲೆಕ್ಕದ ಪ್ರಕಾರ 0.729 ಇಂಚು, ಅಂದರೆ ಸುಮಾರು 18.5 ಮಿಲಿಮೀಟರ್. ಬಾಯಿಯಲ್ಲಿ ಇದು ಎಷ್ಟು ಕಿರಿದಾಗುತ್ತದೆ ಅನ್ನುವುದನ್ನು ಇಂಚಿನ ಸಾವಿರದ ಭಾಗಗಳಲ್ಲಿ ಅಳೆಯುತ್ತಾರೆ. ಲೇತ್ ಕೆಲಸದವರು ಹೇಳುವ 'ಥೌ' ಇದೇ. ಇಂಪ್ರೂವ್ಡ್ ಸಿಲಿಂಡರ್ ಅಂದರೆ ಸುಮಾರು 10 ಥೌ, ಮಾಡಿಫೈಡ್ 20, ಫುಲ್ 35ರಿಂದ 40. ಅತಿ ಬಿಗಿಯಾದ ಫುಲ್ ಕೂಡ ಬರೀ ಒಂದು ಮಿಲಿಮೀಟರಿನಷ್ಟು ಕಿರಿದು. ಹತ್ತಿರದ ತಟ್ಟೆಗಳಿಗೆ ಹೊಡೆಯುವ ಸ್ಕೀಟ್ ಆಟದ ಚೋಕ್ ಆದರೆ 5 ಥೌ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಚರೆಗಳು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಹರಡುವ ರೀತಿಯೇ ಬದಲಾಗುತ್ತದೆ.

ತೊಂದರೆ ಶುರುವಾಗುವುದು ಇಲ್ಲೇ. ಟ್ಯೂಬಿನ ಒಳ ಅಳತೆ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಳಿಗೆಯ ಒಳ ಅಳತೆಯಿಂದ ಅದನ್ನು ಕಳೆದಾಗ ಉಳಿಯುವುದೇ ನಿಜವಾದ ಬಿಗಿತ. ನಳಿಗೆಗಳು ಎಲ್ಲವೂ 0.729 ಇರುವುದಿಲ್ಲ. ಕೆಲವು ಕಂಪನಿಗಳು ಬೇಕಂತಲೇ 0.735, 0.740ರವರೆಗೆ ಅಗಲ ಕೊರೆಯುತ್ತವೆ. 0.710 ಅಳತೆಯ ಟ್ಯೂಬ್ 0.729ರ ನಳಿಗೆಯಲ್ಲಿ ಹೆಚ್ಚುಕಡಿಮೆ ಮಾಡಿಫೈಡ್. ಅದೇ ಅಳತೆ 0.740ರ ನಳಿಗೆಯಲ್ಲಿ 30 ಥೌ, ಅಂದರೆ ಇಂಪ್ರೂವ್ಡ್ ಮಾಡಿಫೈಡ್. ನಾನು ಮೊದಲು ಮಾಡಿದ ಕೆಲಸ ಬೋರ್ ಗೇಜ್ (ನಳಿಗೆಯ ಒಳಗೆ ಇಳಿಸಿ ಅಳೆಯುವ ಸಾಧನ) ಹಾಕಿಸಿ ಎರಡೂ ನಳಿಗೆ, ಐದೂ ಟ್ಯೂಬ್ ಅಳೆಸಿದ್ದು. ಬರೀ ವರ್ನಿಯರ್ ಸಾಕಾಗುವುದಿಲ್ಲ. ಅದು ಬಾಯಿಯ ತುದಿಯನ್ನು ಅಳೆಯುತ್ತದೆ, ಒಳಗಿನ ಬಿಗಿಯಾದ ಜಾಗಕ್ಕೆ ಹೋಗುವುದಿಲ್ಲ. ನನ್ನ ಟ್ಯೂಬುಗಳಲ್ಲಿ ಎರಡು, ಹೆಸರಿಗೆ ಬೇರೆ ಬೇರೆ ಆದರೂ ಅಳತೆಯಲ್ಲಿ ಅಕ್ಕಪಕ್ಕವೇ ಇದ್ದವು.

ಗುರುತಿನ ಗೆರೆಗಳ ಬಗ್ಗೆ ಒಂದು ಮಾತು. ಟ್ಯೂಬಿನ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಸಾಮಾನ್ಯವಾಗಿ ಒಂದು ಕಚ್ಚು ಫುಲ್, ಐದು ಕಚ್ಚು ಸಿಲಿಂಡರ್. ಕಚ್ಚು ಜಾಸ್ತಿ ಆದಷ್ಟೂ ಚೋಕ್ ಸಡಿಲ. ತಲೆಕೆಳಗು ಅನ್ನಿಸುತ್ತದೆ, ಅಲ್ವಾ? ಹೀಗಾಗಿ ಕೈಪಿಡಿ ನೋಡುವುದೇ ಒಳ್ಳೆಯದು.

ಇನ್ನು ಕಾಗದದ ಕೆಲಸ. ಹಳೆಯ ಅಳತೆಗೋಲು ಎಲ್ಲರಿಗೂ ಗೊತ್ತಿರುವುದೇ: 40 ಗಜ ದೂರ, 30 ಇಂಚಿನ ವೃತ್ತ, ತೋಟಾದಲ್ಲಿದ್ದ ಚರೆಗಳಲ್ಲಿ ಎಷ್ಟು ಭಾಗ ಆ ವೃತ್ತದೊಳಗೆ ಬಿತ್ತು. ಸಿಲಿಂಡರ್‌ಗೆ ನೂರಕ್ಕೆ 40, ಇಂಪ್ರೂವ್ಡ್ ಸಿಲಿಂಡರ್‌ಗೆ 50, ಮಾಡಿಫೈಡ್‌ಗೆ 60, ಇಂಪ್ರೂವ್ಡ್ ಮಾಡಿಫೈಡ್‌ಗೆ 65, ಫುಲ್‌ಗೆ 70. 40 ಗಜ ಅಂದರೆ 36.6 ಮೀಟರ್, 30 ಇಂಚು ಅಂದರೆ 76 ಸೆಂಟಿಮೀಟರ್.

ನಾನು ಬಳಸಿದ್ದು ನಾಲ್ಕು ಅಡಿ ಅಗಲದ ಸಾದಾ ಕಾಗದದ ಸುರುಳಿ. ಅದಕ್ಕಿಂತ ಚಿಕ್ಕದಾದರೆ ಅಂಚಿನ ಚರೆಗಳು ತಪ್ಪಿ ಹೋಗುತ್ತವೆ. ನಡುವೆ ದಪ್ಪಗೆ ಒಂದು ಚುಕ್ಕೆ ಹಾಕಬೇಕು. ದೂರವನ್ನು ಹೆಜ್ಜೆಯಲ್ಲಿ ಅಳೆಯಬಾರದು, ಟೇಪ್ ಹಿಡಿದು ನಳಿಗೆಯ ಬಾಯಿಯಿಂದಲೇ ಅಳೆಯಬೇಕು. ಒಂದು ಕಾಗದಕ್ಕೆ ಒಂದೇ ಈಡು. ಹೊಡೆದ ತಕ್ಷಣ ಮೂಲೆಯಲ್ಲಿ ಟ್ಯೂಬ್, ತೋಟಾ, ದೂರ, ಯಾವ ನಳಿಗೆ ಅಂತ ಬರೆಯಬೇಕು. ಆಮೇಲೆ ಬರೆದರಾಯಿತು ಅಂದುಕೊಂಡರೆ ಸಂಜೆಗೆ ಎಲ್ಲ ಕಾಗದವೂ ಒಂದೇ ಥರ ಕಾಣುತ್ತದೆ. ಕಾಗದದ ಹಿಂದೆ ಮಣ್ಣಿನ ದಿಬ್ಬ ಇರಲಿ, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ. ಟ್ಯೂಬ್ ಬದಲಿಸುವಾಗ ಪ್ರತಿ ಸಲವೂ ಕೋವಿಯನ್ನು ಕೀಲಿನಲ್ಲಿ ಬಾಗಿಸಿ ತೆರೆದು, ಎರಡೂ ನಳಿಗೆ ಖಾಲಿ ಅಂತ ನೋಡಿಯೇ ಬಾಯಿಯ ಕಡೆ ಕೈ ಹಾಕಬೇಕು. ಇದರಲ್ಲಿ ಸಡಿಲ ಬಿಡುವ ಮಾತೇ ಇಲ್ಲ.

ವೃತ್ತವನ್ನು ಹೊಡೆಯುವ ಮೊದಲು ಎಳೆಯಬಾರದು. ಚರೆಗಳು ಎಲ್ಲಿ ದಟ್ಟವಾಗಿ ಬಿದ್ದಿವೆಯೋ ಅದನ್ನು ನಡು ಮಾಡಿಕೊಂಡು ಆಮೇಲೆ ಎಳೆಯಬೇಕು. ದಾರಕ್ಕೆ ಪೆನ್ಸಿಲ್ ಕಟ್ಟಿದರೆ ಸಾಕು. ನಾನು ಒಳಗೆ ಇನ್ನೊಂದು 20 ಇಂಚಿನ ವೃತ್ತವನ್ನೂ ಎಳೆಯುತ್ತೇನೆ, ನಡುವಿನ ದಟ್ಟಣೆ ಅದರಲ್ಲೇ ಗೊತ್ತಾಗುವುದು. ಎಣಿಸುವಾಗ ವೃತ್ತವನ್ನು ನಾಲ್ಕು ಭಾಗ ಮಾಡಿ, ಪ್ರತಿ ತೂತಿನ ಮೇಲೂ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡುತ್ತಾ ಹೋಗುತ್ತೇನೆ. ಬೇಸರದ ಕೆಲಸವೇ. ಆದರೆ ಬರೀ ಕಣ್ಣಳತೆಯಲ್ಲಿ "ಚೆನ್ನಾಗಿ ಬಿದ್ದಿದೆ" ಅನ್ನುವುದಕ್ಕೂ ಎಣಿಸಿ ಹೇಳುವುದಕ್ಕೂ ಬಹಳ ವ್ಯತ್ಯಾಸ.

ಒಂದೇ ಕಾಗದ ನೋಡಿ ತೀರ್ಮಾನಕ್ಕೆ ಬರಬೇಡಿ. ಅದೇ ಟ್ಯೂಬ್, ಅದೇ ಡಬ್ಬಿಯ ತೋಟಾ, ಅದೇ ದೂರ, ಆದರೂ ಎರಡು ಈಡುಗಳ ಎಣಿಕೆ ಒಂದೇ ಬರುವುದಿಲ್ಲ. ಟ್ಯೂಬ್, ತೋಟಾಗಳ ಪ್ರತಿ ಜೋಡಿಗೂ ಕಡಿಮೆ ಅಂದರೆ ಐದು ಕಾಗದ ಬೇಕು. ಹತ್ತಾದರೆ ನೆಮ್ಮದಿ.

ತೋಟಾದಲ್ಲಿ ಎಷ್ಟು ಚರೆ ಇದೆ ಅನ್ನುವುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. 2.4 ಮಿಲಿಮೀಟರಿನ ಸೀಸದ ಚರೆ 24 ಗ್ರಾಂ ತೋಟಾದಲ್ಲಿ ಸುಮಾರು 300 ಇರುತ್ತದೆ, 28 ಗ್ರಾಮಿನಲ್ಲಿ ಸುಮಾರು 350. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 24 ಗ್ರಾಮಿಗೇ ಮಿತಿ, ನಾನು ಬಳಸುವುದೂ ಅದನ್ನೇ.

ಈ ಎಣಿಕೆಯಿಂದ ಏನು ಪ್ರಯೋಜನ? ನನಗೆ ಇಡೀ ಕಸರತ್ತಿನಲ್ಲಿ ಅತಿ ಉಪಯೋಗಕ್ಕೆ ಬಂದ ಲೆಕ್ಕ ಇದು. 300ರಲ್ಲಿ 180 ಚರೆ ವೃತ್ತದೊಳಗೆ ಬಿದ್ದವು ಅನ್ನಿ, ಅಂದರೆ ನೂರಕ್ಕೆ 60, ಪಕ್ಕಾ ಮಾಡಿಫೈಡ್. ವೃತ್ತದ ವಿಸ್ತಾರ ಸುಮಾರು 4,560 ಚದರ ಸೆಂಟಿಮೀಟರ್. ಕ್ಲೇ ತಟ್ಟೆಯ ಅಗಲ 110 ಮಿಲಿಮೀಟರ್. ಅದು ಪೂರ್ತಿ ಮುಖ ತೋರಿಸಿದರೆ 95 ಚದರ ಸೆಂಟಿಮೀಟರ್, ಸರಾಸರಿ ನಾಲ್ಕು ಚರೆ ತಗುಲುತ್ತವೆ. ಆದರೆ ಅಂಚು ಮಾತ್ರ ತೋರಿಸುತ್ತಾ ದೂರ ಹೋಗುವಾಗ ಕಾಣುವುದು ಹೆಚ್ಚೆಂದರೆ 25 ಚದರ ಸೆಂಟಿಮೀಟರ್. ಆಗ ಸರಾಸರಿ ಒಂದೇ ಚರೆ. ಸರಾಸರಿ ಒಂದು ಅಂದರೆ ಪ್ರತಿ ಸಲ ಒಂದು ತಗುಲುತ್ತದೆ ಅಂತಲ್ಲ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಒಂದೂ ತಗುಲುವುದಿಲ್ಲ. ತಗುಲಿದ ಒಂದು ಚರೆಗೆ ತಟ್ಟೆ ಒಡೆದೇ ಒಡೆಯುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. "ಸರಿಯಾಗೇ ಹೊಡೆದೆ, ಧೂಳು ಕೂಡ ಏಳಲಿಲ್ಲ" ಅಂತ ಟ್ರ್ಯಾಪ್ (ದೂರ ಓಡುವ ತಟ್ಟೆಗಳ ಆಟ) ಹೊಡೆಯುವವರು ಗೊಣಗುವುದು ಸುಮ್ನೆ ಅಲ್ಲ.

ಹಾಗಾದರೆ ಫುಲ್ ಹಾಕಿದರೆ? ವೃತ್ತದೊಳಗೆ 180ರ ಬದಲು 210 ಬೀಳುತ್ತವೆ. ಬರೀ ಆರನೇ ಒಂದು ಭಾಗ ಜಾಸ್ತಿ. ಆದರೆ ಆ ಹೆಚ್ಚಳ ಎಲ್ಲ ಕಡೆ ಸಮವಾಗಿ ಹಂಚಿಕೆಯಾಗುವುದಿಲ್ಲ. ಚರೆಗಳು ನಡುವೆ ದಟ್ಟ, ಹೊರಗೆ ಹೋದಂತೆ ವಿರಳ. ಲೆಕ್ಕ ಹಾಕಿದರೆ ನಡುವಿನ ದಟ್ಟಣೆ ಸುಮಾರು ಮೂರನೇ ಒಂದು ಭಾಗ ಏರುತ್ತದೆ. 30 ಇಂಚಿನ ಅಂಚಿನಲ್ಲಿ ಮಾತ್ರ ಮಾಡಿಫೈಡ್‌ಗೂ ಫುಲ್‌ಗೂ ಹೆಚ್ಚುಕಡಿಮೆ ಒಂದೇ ದಟ್ಟಣೆ. ನನ್ನ ಕಾಗದಗಳಲ್ಲಿ ಕಂಡದ್ದೂ ಇದೇ. 40 ಗಜದಲ್ಲಿ ಫುಲ್ ಚೋಕ್ ನಡುವಿಗೆ ಲಾಭ, ಅಂಚಿಗೆ ನಷ್ಟವಿಲ್ಲ. ನಷ್ಟ ಇರುವುದು ಹತ್ತಿರದಲ್ಲಿ. 20 ಗಜದಲ್ಲಿ ಫುಲ್ ಹಾಕಿದರೆ ಚರೆಗಳೆಲ್ಲ ಒಂದು ಸಣ್ಣ ವೃತ್ತದಲ್ಲಿ ಗುಡ್ಡೆಯಾಗಿ ಕಾಗದದ ನಡುಭಾಗ ಜರಡಿಯಾಗಿರುತ್ತದೆ, ಸುತ್ತ ಏನೂ ಇರುವುದಿಲ್ಲ. ಗುರಿ ಒಂದು ಗೇಣು ಆಚೀಚೆ ಆದರೆ ಮುಗಿಯಿತು.

ಅದಕ್ಕೇ 40 ಗಜದಲ್ಲಿ ಮಾತ್ರ ಪರೀಕ್ಷೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ದೂರ ಟ್ಯೂಬ್‌ಗಳನ್ನು ಒಂದಕ್ಕೊಂದು ಹೋಲಿಸುವುದಕ್ಕೆ ಸರಿ. ಆಯ್ಕೆ ಮಾಡುವುದು ನಾವು ನಿಜವಾಗಿ ಹೊಡೆಯುವ ದೂರದಲ್ಲಿ. ಸ್ಕೀಟ್‌ನಲ್ಲಿ ತಟ್ಟೆ ಒಡೆಯುವುದು ಸುಮಾರು 20 ಮೀಟರಿನಲ್ಲಿ, ಅಲ್ಲಿಗೆ ಸಿಲಿಂಡರ್ ಅಥವಾ ಸ್ಕೀಟ್ ಚೋಕ್ ಸಾಕು. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ನಾವು ನಿಲ್ಲುವುದೇ ತಟ್ಟೆ ಹಾರಿಸುವ ಯಂತ್ರವಿರುವ ಹೊಂಡದಿಂದ 15 ಮೀಟರ್ ಹಿಂದೆ, ತಟ್ಟೆ ವೇಗವಾಗಿ ದೂರ ಓಡುತ್ತದೆ, ಅಂಚು ಮಾತ್ರ ತೋರಿಸುತ್ತದೆ. ಅಲ್ಲಿ ಬಿಗಿ ಚೋಕ್ ಇಲ್ಲದೆ ಕಷ್ಟ.

ಚೋಕ್‌ಗಿಂತ ತೋಟಾ ಹೆಚ್ಚು ಆಟ ಆಡಿಸುತ್ತದೆ. ಇದು ನಾನು ನಿರೀಕ್ಷಿಸಿರಲಿಲ್ಲ. ಮೆತ್ತನೆಯ ಸೀಸದ ಚರೆ ನಳಿಗೆಯೊಳಗೆ ಒತ್ತಡಕ್ಕೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಚರೆ ಗಾಳಿಯಲ್ಲಿ ನೇರ ಹೋಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಆಂಟಿಮನಿ ಬೆರೆಸಿದ ಗಟ್ಟಿ ಚರೆ ದುಂಡಗೇ ಉಳಿಯುತ್ತದೆ. ಮಾಡಿಫೈಡ್ ಟ್ಯೂಬಿನಲ್ಲಿ ಅಗ್ಗದ ತೋಟಾ ಬಿಟ್ಟು ಗಟ್ಟಿ ಚರೆಯ ತೋಟಾ ಹಾಕಿದಾಗ ಕಾಗದದ ಮೇಲೆ ಒಂದು ಹಂತ ಬಿಗಿ ಚೋಕ್ ಹಾಕಿದಷ್ಟೇ ವ್ಯತ್ಯಾಸ ಕಂಡಿತು. ಪ್ಲಾಸ್ಟಿಕ್ ಬಟ್ಟಲಿನ ವಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಇರುವ ತೋಟಾಕ್ಕೂ ನಾರಿನ ವಾಡ್ ಇರುವ ತೋಟಾಕ್ಕೂ ಹೀಗೇ, ನಾರಿನದು ಹೆಚ್ಚು ಹರಡುತ್ತದೆ. ಹೊಸ ಟ್ಯೂಬ್ ಕೊಳ್ಳುವ ಮೊದಲು ಬೇರೆ ತೋಟಾ ಹೊಡೆದು ನೋಡಿ ಅಂತ ನಾನು ಈಗ ಎಲ್ಲರಿಗೂ ಹೇಳುವುದು ಇದಕ್ಕೇ. ಬಿಗಿ ಮಾಡಿದಷ್ಟೂ ಒಳ್ಳೆಯದು ಅಂತಲೂ ಇಲ್ಲ. ಒಂದು ಮಿತಿ ದಾಟಿದರೆ ಚರೆಗಳು ಒಂದಕ್ಕೊಂದು ಒತ್ತಿ ಹರಡುವಿಕೆ ಕೆಡುತ್ತದೆ. ನನ್ನ ಕೋವಿಯಲ್ಲಿ ಅಗ್ಗದ ತೋಟಾ ಹಾಕಿದಾಗ ಫುಲ್‌ಗಿಂತ ಇಂಪ್ರೂವ್ಡ್ ಮಾಡಿಫೈಡ್ ಟ್ಯೂಬೇ ಚೆನ್ನಾಗಿ ಹೊಡೆಯುತ್ತದೆ.

ಸ್ಟೀಲ್ ಚರೆಯ ವಿಷಯ ಬೇರೆಯೇ. ಅದು ಸೀಸದ ಹಾಗೆ ಒತ್ತಿದರೆ ತಗ್ಗುವುದಿಲ್ಲ. ಅದೇ ಟ್ಯೂಬಿನಲ್ಲಿ ಸೀಸಕ್ಕಿಂತ ಬಿಗಿಯಾಗಿ ಬೀಳುತ್ತದೆ, ಹಾಗೆಯೇ ಟ್ಯೂಬಿಗೆ ಪೆಟ್ಟನ್ನೂ ಕೊಡುತ್ತದೆ. ಸ್ಟೀಲ್‌ಗೆ ಆಗುತ್ತದೆ ಅಂತ ಗುರುತಿಲ್ಲದ ಬಿಗಿ ಟ್ಯೂಬಿನಲ್ಲಿ ಅದನ್ನು ಹೊಡೆಯಲೇಬಾರದು.

ಕಾಗದದಲ್ಲಿ ಖಾಲಿ ಜಾಗ ಹುಡುಕುವ ಚಟ ಒಂದಿದೆ. ತಟ್ಟೆಯಷ್ಟಗಲ ರಟ್ಟು ಕತ್ತರಿಸಿಕೊಂಡು, ಅದು ಎಲ್ಲಿ ಚರೆ ಮುಟ್ಟದೆ ಕೂರುತ್ತದೆ ಅಂತ ಸರಿಸಿ ನೋಡುವುದು. ನಾನೂ ನೋಡುತ್ತೇನೆ, ಆದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾವ ಈಡಿನಲ್ಲೂ ಅಂಥ ಒಂದೆರಡು ಜಾಗ ಇದ್ದೇ ಇರುತ್ತವೆ, ಮುಂದಿನ ಕಾಗದದಲ್ಲಿ ಬೇರೆ ಕಡೆ ಇರುತ್ತವೆ. ಎಲ್ಲ ಕಾಗದಗಳಲ್ಲೂ ಒಂದೇ ಕಡೆ ಖಾಲಿ ಬಿದ್ದರೆ ಮಾತ್ರ ಟ್ಯೂಬನ್ನು ಅನುಮಾನಿಸಬೇಕು.

ಅದಕ್ಕಿಂತ ಮುಖ್ಯವಾದದ್ದು, ಚರೆಗಳ ನಡು ಎಲ್ಲಿ ಬೀಳುತ್ತದೆ ಅನ್ನುವುದು. ಟ್ಯೂಬ್ ಸ್ವಲ್ಪ ಓರೆಯಾಗಿ ಕೊರೆದಿದ್ದರೆ ಗುರಿ ಇಟ್ಟ ಕಡೆ ಬಿಟ್ಟು ಇನ್ನೊಂದು ಕಡೆ ಬೀಳುತ್ತದೆ. ಇದನ್ನು ಬಿಗಿ ಚೋಕ್ ಹಾಕಿ 16 ಗಜದಿಂದ ನೋಡುವುದು ಸುಲಭ. ಪ್ರತಿ ಟ್ಯೂಬನ್ನೂ ಎರಡೂ ನಳಿಗೆಯಲ್ಲಿ ಹಾಕಿ ನೋಡಬೇಕು. ಯಾವ ಟ್ಯೂಬ್ ಹಾಕಿದರೂ ಅದೇ ಕಡೆಗೆ ಸರಿದರೆ ತಪ್ಪು ಚೋಕಿನದಲ್ಲ, ಹಿಡಿಯ (ಭುಜಕ್ಕೆ ಒತ್ತುವ ಹಿಂಭಾಗದ) ಅಳತೆಯದು ಅಥವಾ ಅದರ ಮೇಲೆ ಕೆನ್ನೆ ಇಡುವ ರೀತಿಯದು. 16 ಗಜದಲ್ಲಿ ಒಂದು ಇಂಚು ಆಚೀಚೆ ಆದರೆ ಹಿಡಿಯಲ್ಲಿ ಸುಮಾರು ಒಂದು ಇಂಚಿನ ಹದಿನಾರನೇ ಭಾಗ ಬದಲಾಗಬೇಕು ಅನ್ನುವ ಹಳೆಯ ಲೆಕ್ಕ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಈಗ ಸ್ಪೋರ್ಟಿಂಗ್ (ಒಂದೊಂದು ಸ್ಟ್ಯಾಂಡಿನಲ್ಲಿ ಒಂದೊಂದು ಥರ ತಟ್ಟೆ ಹಾರುವ ಆಟ) ಹೊಡೆಯುವಾಗ ಕೆಳಗಿನ ನಳಿಗೆಗೆ ಇಂಪ್ರೂವ್ಡ್ ಸಿಲಿಂಡರ್, ಮೇಲಿನದಕ್ಕೆ ಮಾಡಿಫೈಡ್ ಹಾಕಿ ಸುಮ್ಮನಿರುತ್ತೇನೆ. ಪ್ರತಿ ಸ್ಟ್ಯಾಂಡಿನಲ್ಲೂ ಟ್ಯೂಬ್ ತಿರುಗಿಸುತ್ತಾ ನಿಲ್ಲುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ತಟ್ಟೆಯ ದಾರಿ ನೋಡುವ ಹೊತ್ತು ಅದರಲ್ಲೇ ಹೋಗಿರುತ್ತದೆ. ಟ್ರ್ಯಾಪ್‌ಗೆ ಮಾತ್ರ ಇಂಪ್ರೂವ್ಡ್ ಮಾಡಿಫೈಡ್ ಮತ್ತು ಫುಲ್, ಅದೂ ಗಟ್ಟಿ ಚರೆಯ ತೋಟಾ ಜೊತೆ.

ಹೊಸ ಟ್ಯೂಬ್ ಕೊಳ್ಳುವುದಾದರೆ ಬೋರ್ ಒಂದೇ ಅಂತ ಕೊಳ್ಳಬೇಡಿ. ಒಂದೇ ಕಂಪನಿಯಲ್ಲೂ ಮರೆ (ಟ್ಯೂಬ್ ಕೂರುವ ತಿರುಪಿನ ಸುತ್ತು) ಬೇರೆ ಬೇರೆ ಇರುತ್ತದೆ. ಬೆರೆಟ್ಟಾದ ಮೊಬಿಲ್‌ಚೋಕ್ ಬೇರೆ, ಆಪ್ಟಿಮಾ ಚೋಕ್ ಬೇರೆ. ಬ್ರೌನಿಂಗ್‌ನ ಇನ್ವೆಕ್ಟರ್ ಬೇರೆ, ಇನ್ವೆಕ್ಟರ್ ಪ್ಲಸ್ ಬೇರೆ. ಟ್ಯೂಬಿನ ಹಿಂದಿನ ಅಂಚು ನಳಿಗೆಯೊಳಗೆ ಎದ್ದು ನಿಂತರೆ ಚರೆ ಬಂದು ಅದಕ್ಕೇ ಬಡಿಯುತ್ತದೆ, ಟ್ಯೂಬೂ ಹೋಗುತ್ತದೆ, ನಳಿಗೆಯೂ ಹೋಗುತ್ತದೆ. ಟ್ಯೂಬ್ ಇಲ್ಲದೆ ಹೊಡೆದರೂ ಮರೆ ಹಾಳು. ಆಟದ ನಡುವೆ ಆಗಾಗ ಕೋವಿ ಖಾಲಿ ಮಾಡಿಕೊಂಡು ಟ್ಯೂಬ್ ಸಡಿಲವಾಗಿದೆಯಾ ಅಂತ ನೋಡುತ್ತೇನೆ. ಮನೆಗೆ ಬಂದ ಮೇಲೆ ಬಿಚ್ಚಿ, ಮರೆಯಲ್ಲಿ ಕೂತ ಮಸಿ ಮತ್ತು ಪ್ಲಾಸ್ಟಿಕ್ ಪದರವನ್ನು ಬ್ರಷ್‌ನಿಂದ ತೆಗೆದು, ಚೋಕ್ ಗ್ರೀಸ್ ತೆಳ್ಳಗೆ ಹಚ್ಚಿ ಮತ್ತೆ ಹಾಕುತ್ತೇನೆ. ವರ್ಷಗಟ್ಟಲೆ ಬಿಚ್ಚದ ಟ್ಯೂಬ್ ತುಕ್ಕು ಹಿಡಿದು ಕೂತುಬಿಟ್ಟರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಆಗಲೂ ಜಗ್ಗದಿದ್ದರೆ ಬಲ ಹಾಕಬೇಡಿ, ಇಕ್ಕಳವನ್ನಂತೂ ಮುಟ್ಟಲೇಬೇಡಿ, ಕೋವಿ ರಿಪೇರಿ ಮಾಡುವವರ ಕೈಗೆ ಕೊಡಿ.