ಆಕಾಶದ ಬಣ್ಣಕ್ಕೆ ಒಂದು ಕಪ್ಪು ರಟ್ಟು

'ರಟ್ಟು ಹಿಡ್ಕೊಂಡು ಫೋಟೋ ತೆಗೀತಾನಂತೆ' ಎಂದು ನಗುತ್ತಿದ್ದವರೇ ಈಗ ನನ್ನ ಸಂಜೆ ಆಕಾಶದ ಚಿತ್ರಗಳ ಸೆಟ್ಟಿಂಗ್ಸ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಆಕಾಶಕ್ಕೆ ಎಕ್ಸ್‌ಪೋಶರ್ ಇಟ್ಟರೆ, ಅಂದರೆ ಅದಕ್ಕೆ ತಕ್ಕಷ್ಟೇ ಬೆಳಕು ಒಳಗೆ ಬಿಟ್ಟರೆ, ನೆಲ ಮಸಿ, ನೆಲಕ್ಕೆ ಇಟ್ಟರೆ ಆಕಾಶ ಬೆಳ್ಳಗೆ. ಈ ಗೋಳು ನಿಮಗೂ ಗೊತ್ತಿರುವುದೇ. ಇದರ ಹಿಂದೆ ನಾನು ಸುರಿದ ದುಡ್ಡು ಮಾತ್ರ ಮನೆಯವರಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಮೊದಲು ಕೊಂಡಿದ್ದು ಅಗ್ಗದ ಗ್ರಾಜುಯೇಟೆಡ್ ಫಿಲ್ಟರ್ ಸೆಟ್, ಮೇಲರ್ಧ ಕಪ್ಪಗೆ, ಕೆಳಗರ್ಧ ತಿಳಿಯಾಗಿರುತ್ತದಲ್ಲ, ಅದು. 3 ಸ್ಟಾಪಿನದು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟಾಗುವ ಅಳತೆ) ಹಾಕಿದರೆ ಸಾಕು, ಬೂದು ಮೋಡಕ್ಕೂ ನೇರಳೆ ಬಣ್ಣ. ಆಮೇಲೆ ಗಾಜಿನದು ತಗೊಂಡೆ. ಹೋಲ್ಡರ್, ರಿಂಗ್ ಎಲ್ಲ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಲೆನ್ಸ್ ಬರುವಷ್ಟು ಖರ್ಚು. ಬಣ್ಣವೇನೋ ಸರಿಹೋಯಿತು. ಆದರೆ ಫಿಲ್ಟರಿನ ಗೆರೆ ನೇರ, ಗುಡ್ಡ ನೇರ ಇರುತ್ತದೆಯೇ? ದಿಗಂತ ದಾಟಿ ಮೇಲೆದ್ದ ಮರಗಳ ತಲೆಯೆಲ್ಲ ಕಪ್ಪು. ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಸೂರ್ಯನಿಂದ 90 ಡಿಗ್ರಿ ಪಕ್ಕಕ್ಕೆ ತಿರುಗಿದಾಗ ಚೆನ್ನ. ಸೂರ್ಯನ ಕಡೆಗೇ ತಿರುಗಿದರೆ ಸುಮ್ನೆ ಒಂದೂವರೆ ಸ್ಟಾಪ್ ಬೆಳಕು ನುಂಗುತ್ತದೆ, ಅಷ್ಟೇ. ಅಗಲ ನೋಟದ 16 ಎಂಎಂ ಲೆನ್ಸಿನಲ್ಲಂತೂ ಆಕಾಶದ ಮಧ್ಯೆ ಕಡುನೀಲಿ ಪಟ್ಟೆ ಬರುತ್ತದೆ. ಬ್ರಾಕೆಟಿಂಗ್ ಮಾಡಿ, ಅಂದರೆ ಕಡಿಮೆ ಬೆಳಕಿಗೊಂದು ಹೆಚ್ಚು ಬೆಳಕಿಗೊಂದು ಚಿತ್ರ ತೆಗೆದು ಜೋಡಿಸಿದರೆ, ಗಾಳಿಗೆ ಅಲ್ಲಾಡಿದ ಕೊಂಬೆಗಳ ಸುತ್ತ ಬಿಳಿ ಅಂಚು. ಅದನ್ನು ಒರೆಸುತ್ತಾ ಕೂತರೆ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ.

ಕೊನೆಗೆ ಕೈಹಿಡಿದಿದ್ದು ಪುಸ್ತಕದ ಬೈಂಡಿನ ರಟ್ಟು. ಮೇಲೆ ಮ್ಯಾಟ್ ಕಪ್ಪು ಕಾಗದ ಅಂಟಿಸಿದ್ದೇನೆ. ಹೊಳೆಯುವ ಕಾಗದ ಬೇಡ, ಅದರ ಮಿನುಗು ಲೆನ್ಸಿಗೆ ಹೊಡೆಯುತ್ತದೆ. ಟ್ರೈಪಾಡ್, ಐಎಸ್ಒ (ಕ್ಯಾಮೆರಾದ ಬೆಳಕಿನ ಸಂವೇದನೆ) 100, ಲೆನ್ಸಿನ ಕಿಂಡಿ ಎಫ್ 11. ಸೂರ್ಯನ ಪಕ್ಕದ ಅತಿ ಹೆಚ್ಚು ಹೊಳೆಯುವ ಮೋಡಕ್ಕೆ ಸ್ಪಾಟ್ ಮೀಟರ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು) ಹಿಡಿದು, ಅದಕ್ಕಿಂತ ಸುಮಾರು ಒಂದೂವರೆ ಸ್ಟಾಪ್ ಜಾಸ್ತಿ ಕೊಡುತ್ತೇನೆ. ಹೀಗೆ ಆಕಾಶಕ್ಕೆ 1 ಸೆಕೆಂಡ್ ಬಂತು, ನೆಲಕ್ಕೆ 4 ಸೆಕೆಂಡ್ ಬೇಕು ಅಂದುಕೊಳ್ಳಿ. ಶಟರ್ 4 ಸೆಕೆಂಡಿಗೆ ಇಟ್ಟು, 3 ಸೆಕೆಂಡ್ ರಟ್ಟಿನಿಂದ ಲೆನ್ಸಿನ ಮೇಲ್ಭಾಗ ಮುಚ್ಚುತ್ತೇನೆ. ರಟ್ಟು ಲೆನ್ಸಿಗೆ ತಾಗಬಾರದು, ದೂರವೂ ಇರಬಾರದು. ಮುಖ್ಯವಾಗಿ ಒಂದೇ ಕಡೆ ನಿಲ್ಲಬಾರದು. ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು, ನಿಂತರೆ ಗೆರೆ ಬೀಳುತ್ತದೆ. ಕಿಂಡಿ ಇನ್ನೂ ಚಿಕ್ಕದು ಮಾಡಿ ಎಫ್ 16ಕ್ಕೆ ಹೋದರೆ ಆ ಗೆರೆ ಇನ್ನೂ ಗಟ್ಟಿಯಾಗುತ್ತದೆ. ಹಗಲಿನ್ನೂ ಜೋರಾಗಿದ್ದರೆ ಶಟರ್ ನಿಧಾನ ಮಾಡಲು, ಬೆಳಕು ತಗ್ಗಿಸುವ ಫಿಲ್ಟರ್ ಆದ 6 ಸ್ಟಾಪ್ ಎನ್‌ಡಿ ಹಾಕಿಕೊಳ್ಳಿ. ರಟ್ಟಿನ ಅಂಚನ್ನು ನಾನು ಹೇಗೆ ಕತ್ತರಿಸಿದ್ದೇನೆ ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ಬಹಳ ರಟ್ಟು ಹಾಳು ಮಾಡಿದ್ದೇನೆ!

ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲು ಬೆಳಕು ಎಷ್ಟೆಷ್ಟು ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ) ನೋಡುವಾಗ ಒಟ್ಟು ಬೆಳಕಿನ ಬಿಳಿ ನಕ್ಷೆಯನ್ನು ನಂಬಬೇಡಿ, ಬಣ್ಣದವನ್ನು ನೋಡಿ. ಸಂಜೆ ಮೊದಲು ಕೆಡುವುದು ಕೆಂಪು ಚಾನೆಲ್. ಅದು ಬಲಗೋಡೆಗೆ ಬಡಿದರೆ ಕಿತ್ತಳೆ ಮೋಡ ಹಳದಿ ಕಲೆಯಾಗುತ್ತದೆ, ಆಮೇಲೆ ಏನು ಎಳೆದರೂ ಬರುವುದಿಲ್ಲ. ಬಣ್ಣದ ಛಾಯೆಯನ್ನು ಕ್ಯಾಮೆರಾವೇ ಸರಿಮಾಡುವ ಆಟೋ ವೈಟ್ ಬ್ಯಾಲೆನ್ಸ್ ಕೂಡ ಬೇಡ. ಕಷ್ಟಪಟ್ಟು ಹಿಡಿದ ಕೆಂಪನ್ನು ಅದು ತಣ್ಣಗೆ ಮಾಡಿಬಿಡುತ್ತದೆ. ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆದರೆ ಆಮೇಲೆ ಬದಲಿಸಬಹುದು, ನಿಜ. ಆದರೆ ಹಿಸ್ಟೋಗ್ರಾಮ್ ಲೆಕ್ಕ ಹಾಕುವುದು ಕ್ಯಾಮೆರಾ ಒಳಗಿನ ಜೆಪೆಗ್ ಮೇಲೆ ಅಲ್ವಾ? ನಾನು ವೈಟ್ ಬ್ಯಾಲೆನ್ಸನ್ನು 5500 ಕೆಲ್ವಿನ್ ಹತ್ತಿರ ಇಟ್ಟು ಮುಟ್ಟುವುದೇ ಇಲ್ಲ.

ಸೂರ್ಯ ಮುಳುಗಿದ ಕೂಡಲೇ ಬ್ಯಾಗ್ ಕಟ್ಟುವವರನ್ನು ನೋಡಿದರೆ ನನಗೆ ನಗು. ಎತ್ತರದ ತೆಳು ಮೋಡಗಳಿಗೆ ಬಣ್ಣ ಏರುವುದೇ ಆಮೇಲೆ, ಸುಮಾರು ಹತ್ತು ಹದಿನೈದು ನಿಮಿಷಕ್ಕೆ. ನನ್ನ ಒಳ್ಳೆಯ ಚಿತ್ರಗಳಲ್ಲಿ ಮುಕ್ಕಾಲು ಪಾಲು ಆ ಹೊತ್ತಿನವು. ಬೆಳಕೂ ಇಳಿದಿರುತ್ತದೆ, ಶಟರ್ ತಾನೇ ನಿಧಾನವಾಗುತ್ತದೆ, ಎನ್‌ಡಿ ತೆಗೆದಿಡಬಹುದು.

ನಡುವೆ ಗುಡ್ಡದ ಆಕಾರಕ್ಕೇ ರಟ್ಟು ಕತ್ತರಿಸಿ ನೋಡಿದೆ. ಲೆನ್ಸಿಗೆ ಅಷ್ಟು ಹತ್ತಿರದಲ್ಲಿ ಆಕಾರವೆಲ್ಲ ಮಸುಕಾಗುತ್ತದೆ, ಶ್ರಮ ದಂಡ. ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಟೆಲಿ ಲೆನ್ಸಿನಲ್ಲೂ ಈ ಆಟ ನಡೆಯಲಿಲ್ಲ. ರಟ್ಟು ಅಡ್ಡ ಬಂದರೆ ಆಕಾಶದ ಜೊತೆ ನೆಲವೂ ಮಂಕು. ಟೆಲಿಯಲ್ಲಿ ನಾನು ಈಗಲೂ ಬ್ರಾಕೆಟಿಂಗನ್ನೇ ಮಾಡುತ್ತೇನೆ, ಗಾಳಿ ಇಲ್ಲದ ದಿನ ನೋಡಿಕೊಂಡು.