ಕಾಪು ದೀಪಸ್ತಂಭವನ್ನು ನೋಡಲು ಹೋಗುವವರಿಗೆ

ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರದ ಕಾಪು ಕಡಲತೀರದಲ್ಲಿ, ಬಂಡೆಯೊಂದರ ಮೇಲೆ 1901ರಲ್ಲಿ ಕಟ್ಟಿದ 27 ಮೀಟರ್ ಎತ್ತರದ ದೀಪಸ್ತಂಭ ಇಂದಿಗೂ ತನ್ನ ಕೆಲಸ ಮಾಡುತ್ತಿದೆ. ಹೆಚ್ಚಿನವರು ಇಲ್ಲಿಗೆ ಬರುವುದು ಸೂರ್ಯಾಸ್ತದ ಫೋಟೊಗಾಗಿ. ಅದರಲ್ಲಿ ತಪ್ಪೇನಿಲ್ಲವಾದರೂ, ನೂರು ವರ್ಷ ದಾಟಿದ ಯಂತ್ರವೊಂದನ್ನು ನೋಡುತ್ತಿದ್ದೇವೆಂಬ ಅರಿವಿದ್ದರೆ ಭೇಟಿಯ ಸ್ವಾರಸ್ಯವೇ ಬೇರೆ.

ಮಂಗಳೂರು–ಉಡುಪಿ ಬಸ್ಸುಗಳು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಪುವನ್ನು ಹಾದೇ ಹೋಗುತ್ತವೆ. ಕಾಪುವಿನಲ್ಲಿ ನಿಲುಗಡೆ ಇದೆಯೇ ಎಂದು ಹತ್ತುವಾಗಲೇ ಕಂಡಕ್ಟರರನ್ನು ಕೇಳಿಕೊಂಡು, ಪೇಟೆಯಲ್ಲಿ ಇಳಿದು, ಅಲ್ಲಿಂದ ರಿಕ್ಷಾದಲ್ಲಿ ಕಡಲತೀರಕ್ಕೆ ಹೋಗಬಹುದು.

ಗೋಪುರದೊಳಗೆ ಸಾರ್ವಜನಿಕರನ್ನು ಬಿಡುವುದು ಸಾಮಾನ್ಯವಾಗಿ ಸಂಜೆಯ ಹೊತ್ತಿನಲ್ಲಿ, ಅದೂ ಸ್ವಲ್ಪ ಕಾಲ ಮಾತ್ರ. ಆದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಜಾಣತನ. ಸೂರ್ಯ ಇಳಿಯತೊಡಗಿದ ಮೇಲೆ, ಅದರಲ್ಲೂ ಭಾನುವಾರಗಳಲ್ಲಿ, ಕಿರಿದಾದ ಸುರುಳಿ ಮೆಟ್ಟಿಲಿನಲ್ಲಿ ಏರುವವರೂ ಇಳಿಯುವವರೂ ಎದುರುಬದುರಾಗಿ ನಿಂತುಬಿಡುತ್ತಾರೆ. ಟಿಕೆಟಿನ ದರ ಅಲ್ಪವಾಗಿರುವುದರಿಂದ ಚಿಲ್ಲರೆ ಇಟ್ಟುಕೊಂಡಿರಿ. ಮೊಣಕಾಲು ನೋವಿರುವವರು, ಎತ್ತರಕ್ಕೆ ತಲೆ ಸುತ್ತುವವರು ಬಂಡೆಯ ಮೇಲೆಯೇ ಕುಳಿತು ನೋಡುವುದು ಮೇಲು. ಮಳೆಗಾಲದಲ್ಲಿ ಅಲೆಗಳು ಬಂಡೆಗೆ ಬಂದು ಬಡಿಯುತ್ತವೆ, ಪಾಚಿ ಜಾರುತ್ತದೆ. ಆಗ ಬಂಡೆಯ ಅಂಚಿಗೆ ಹೋಗುವ ಸಾಹಸ ಬೇಡವೇ ಬೇಡ.

ಹತ್ತುವ ಮೊದಲು ಹೊರಗೆ ನಿಂತು ಗೋಪುರದ ಕಪ್ಪು–ಬಿಳಿ ಪಟ್ಟೆಗಳನ್ನು ಗಮನಿಸಿ. ಅವು ಅಲಂಕಾರಕ್ಕೆ ಬಳಿದವಲ್ಲ. ಹಗಲಿನಲ್ಲಿ ದೀಪ ಉಪಯೋಗಕ್ಕೆ ಬಾರದಿರುವಾಗ, ಇದು ಯಾವ ದೀಪಸ್ತಂಭವೆಂದು ನಾವಿಕರು ಗುರುತಿಸುವುದು ಈ ಬಣ್ಣಗಳಿಂದಲೇ. ಆರಂಭದಲ್ಲಿ ಇಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆಯ ದೀಪ. ಆಮೇಲೆ ಬಂದದ್ದು ಸೀಮೆಎಣ್ಣೆಯನ್ನು ಒತ್ತಡದಲ್ಲಿ ಆವಿಯಾಗಿಸಿ ಮ್ಯಾಂಟಲ್ ಎಂಬ ಬಲೆಯಂಥ ಬತ್ತಿಯಲ್ಲಿ ಉರಿಸುವ ವ್ಯವಸ್ಥೆ. ಹಿಂದೆ ಯಕ್ಷಗಾನದ ರಂಗಸ್ಥಳದಲ್ಲಿ ತೂಗಿಬಿಡುತ್ತಿದ್ದ ಗ್ಯಾಸ್‌ಲೈಟ್‌ನ ತತ್ತ್ವವೂ ಇದೇ. ಜ್ವಾಲೆ ಎಷ್ಟೇ ಪ್ರಖರವಾಗಿದ್ದರೂ ಅದರ ಬೆಳಕು ಎಲ್ಲ ದಿಕ್ಕಿಗೂ ಚದುರಿ ಹೋಗುತ್ತದೆ. ಅದನ್ನು ಬಾಗಿಸಿ ಒಂದೇ ಕಿರಣಪುಂಜವಾಗಿ ಕಡಲಿನತ್ತ ಕಳುಹಿಸುವುದು ದೀಪದ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಗಾಜಿನ ಪಟ್ಟಕಗಳು. ಅವು ಕಣ್ಣಿಗೆ ಬಿದ್ದರೂ ಮುಟ್ಟಬಾರದು. ಬೆರಳಿನ ಎಣ್ಣೆಯ ಗುರುತೂ ಬೆಳಕಿಗೆ ಅಡ್ಡಿ.

ಮೇಲಿನ ಹೊರಾಂಗಣದಲ್ಲಿ ಗಾಳಿ ಜೋರು, ಟೋಪಿ–ಮೊಬೈಲು ಜೋಪಾನ. ಮಕ್ಕಳ ಕೈ ಬಿಡಬೇಡಿ. ಮರಳಿನ ಮೇಲೆ ನಿಂತವರಿಗೆ ದಿಗಂತ ನಾಲ್ಕೂವರೆ ಕಿ.ಮೀ. ಆಸುಪಾಸಿನಲ್ಲಿದ್ದರೆ, 27 ಮೀಟರ್ ಎತ್ತರದಿಂದ ಅದು ಸುಮಾರು 18 ಕಿ.ಮೀ. ಆಚೆಗೆ ಸರಿಯುತ್ತದೆ. ಭೂಮಿ ದುಂಡಗಿರುವುದರಿಂದಲೇ ದೀಪವನ್ನು ಇಷ್ಟು ಎತ್ತರಕ್ಕೆ ಏರಿಸಬೇಕಾಯಿತು. ಮೇಲೆ ನಿಂತಾಗ ಸೆಲ್ಫಿಗೆ ಮೊದಲು, ದೂರದ ಮೀನುಗಾರಿಕೆ ದೋಣಿಯೊಂದನ್ನು ಗುರುತಿಟ್ಟುಕೊಳ್ಳಿ. ಕೆಳಗಿಳಿದ ಮೇಲೆ ಅದು ಕಾಣುತ್ತದೆಯೇ ಎಂದು ನೋಡಿದರೆ ಈ ಲೆಕ್ಕ ಕಣ್ಣಾರೆ ಅರ್ಥವಾಗುತ್ತದೆ.

ಅನುಕೂಲವಿದ್ದರೆ ಕತ್ತಲಾಗುವವರೆಗೂ ದಂಡೆಯಲ್ಲಿರಿ. ಪ್ರತಿ ದೀಪಸ್ತಂಭಕ್ಕೂ ಅದರದೇ ಮಿನುಗಿನ ಕ್ರಮವಿರುತ್ತದೆ. ಗಡಿಯಾರ ಹಿಡಿದು ಮಿನುಗುಗಳನ್ನೂ ಅವುಗಳ ನಡುವಿನ ಸೆಕೆಂಡುಗಳನ್ನೂ ಎಣಿಸಿ ಬರೆದುಕೊಂಡರೆ, ಮುಂದೆ ಕರಾವಳಿಯ ಇನ್ನೊಂದು ದೀಪಸ್ತಂಭದೊಂದಿಗೆ ಹೋಲಿಸಿ ನೋಡಬಹುದು. ಹಾಗೆ ತಡವಾಗುವುದಾದರೆ, ಹೆದ್ದಾರಿಗೆ ಮರಳುವ ರಿಕ್ಷಾವನ್ನು ಮೊದಲೇ ಮಾತನಾಡಿಟ್ಟುಕೊಳ್ಳಿ.