ಮಳೆಗಾಲಕ್ಕೆ ಮುನ್ನ ಮೊಬೈಲಿಗೂ ಒಂದಿಷ್ಟು ತಯಾರಿ

ಪತ್ತನಾಜೆ ಕಳೆಯಿತೆಂದರೆ ಕರಾವಳಿಯ ಮನೆಗಳಲ್ಲಿ ಮಳೆಗಾಲದ ಸಿದ್ಧತೆ ಚುರುಕಾಗುತ್ತದೆ. ಕಟ್ಟಿಗೆ ಕೊಟ್ಟಿಗೆ ಸೇರುತ್ತದೆ, ಮಾಡಿನ ಹಂಚು ಕೈಯಾಡಿಸಿ ಆಗುತ್ತದೆ, ಹಪ್ಪಳ ಸಾಂತಾಣಿಗಳು ಡಬ್ಬ ತುಂಬುತ್ತವೆ, ಹಿಂದೆ ಮಡಲು ಕಟ್ಟುತ್ತಿದ್ದ ಜಗಲಿಗೆ ಈಗ ನೀಲಿ ಟಾರ್ಪಾಲು ಬರುತ್ತದೆ. ಈ ಪಟ್ಟಿಯಲ್ಲಿ ಮೊಬೈಲ್ ಫೋನಿಗೆ ಮಾತ್ರ ಇನ್ನೂ ಜಾಗ ಸಿಕ್ಕಿಲ್ಲ. ವರ್ಷವಿಡೀ ಹಾಡು, ಹಣ ಪಾವತಿ, ಫೋಟೊಗಳಿಗಾಗಿ ಬಳಸುವ ಆ ಸಾಧನ ನಿಜವಾಗಿ ಬೇಕಾಗುವುದು ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ರಾತ್ರಿಯಲ್ಲಿ. ಅದು ಕೈಕೊಡುವುದೂ ಸಾಮಾನ್ಯವಾಗಿ ಅದೇ ರಾತ್ರಿಯಲ್ಲಿ. ಕರೆಂಟು, ನೆಟ್‌ವರ್ಕ್, ಬಿಸಿಲು ಮೂರೂ ಇರುವ ಮೇ ತಿಂಗಳಲ್ಲೇ ಒಂದು ಸಂಜೆಯನ್ನು ಇದಕ್ಕೆಂದು ಎತ್ತಿಟ್ಟುಕೊಂಡರೆ ಕೆಳಗಿನ ಕೆಲಸಗಳೆಲ್ಲ ಮುಗಿಯುತ್ತವೆ.

ಕರೆಂಟು ಹೋದಾಗ

ಮೊದಲು ಬ್ಯಾಟರಿಯ ಆರೋಗ್ಯವನ್ನು ನೋಡಿಕೊಳ್ಳಿ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲೂ, ಆಂಡ್ರಾಯ್ಡ್‌ನ ಹಲವು ಫೋನುಗಳಲ್ಲಿ ಅದೇ ಹೆಸರಿನ ವಿಭಾಗದಲ್ಲೋ ಕಂಪನಿಯ ಸೇವಾ ಆ್ಯಪ್‌ನಲ್ಲೋ ಈ ಮಾಹಿತಿ ಸಿಗುತ್ತದೆ. ಮೂಲ ಸಾಮರ್ಥ್ಯದ ಶೇ 80ಕ್ಕಿಂತ ಕೆಳಗೆ ಇಳಿದಿದ್ದರೆ ಬ್ಯಾಟರಿಯನ್ನು ಈಗಲೇ ಬದಲಾಯಿಸುವುದು ಲೇಸು. ಆಟಿ ತಿಂಗಳ ಮಳೆಯಲ್ಲಿ ಪೇಟೆಗೆ ಓಡಾಡುವ ಕಷ್ಟ ತಪ್ಪುತ್ತದೆ.

ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖವೂ, ಸದಾ ಪೂರ್ತಿ ತುಂಬಿರುವುದೂ ಒಳ್ಳೆಯದಲ್ಲ. ಆದ್ದರಿಂದಲೇ ಇತ್ತೀಚಿನ ಅನೇಕ ಫೋನುಗಳಲ್ಲಿ ಚಾರ್ಜಿಂಗನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ. ವರ್ಷದ ಹೆಚ್ಚಿನ ದಿನಗಳಲ್ಲಿ ಅದನ್ನು ಚಾಲೂ ಇಡಿ. ಆದರೆ ಹವಾಮಾನ ಇಲಾಖೆ ನಮ್ಮ ಜಿಲ್ಲೆಗಳಿಗೆ ಅತ್ಯಂತ ಭಾರಿ ಮಳೆಯ, ಎಂದರೆ 24 ಗಂಟೆಗಳಲ್ಲಿ 204.4 ಮಿ.ಮೀ.ಗಿಂತ ಹೆಚ್ಚಿನ ಮಳೆಯ ಮುನ್ಸೂಚನೆ ಕೊಟ್ಟ ದಿನ ಈ ಮಿತಿಯನ್ನು ತೆಗೆದು ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ವರ್ಷಕ್ಕೆ ಹತ್ತು ಸಲ ಹೀಗೆ ಮಾಡಿದರೆ ಬ್ಯಾಟರಿಗೆ ಹೇಳಿಕೊಳ್ಳುವಂಥ ಹಾನಿಯೇನೂ ಆಗದು.

ಪವರ್ ಬ್ಯಾಂಕ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಇದ್ದ ಹಾಗೆಯೇ ನಂಬಬಾರದು. 10,000 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟಿನ ಕೋಶಗಳ ಲೆಕ್ಕ. ಅದನ್ನು 5 ವೋಲ್ಟಿಗೆ ಏರಿಸುವಾಗಲೂ, ತಂತಿಯಲ್ಲೂ, ಫೋನಿನೊಳಗೂ ಒಂದಿಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಹೀಗಾಗಿ 5,000 ಎಂಎಎಚ್ ಬ್ಯಾಟರಿಯ ಫೋನನ್ನು ಅದು ಎರಡು ಸಲವಲ್ಲ, ಸುಮಾರು ಒಂದೂವರೆ ಸಲ ತುಂಬಿಸುತ್ತದೆ. ನಾಲ್ಕು ಫೋನುಗಳಿರುವ ಮನೆಗೆ 20,000ದ ಒಂದು ಬೇಕಾದೀತು. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಅದೂ ಬರಿದಾಗುವುದರಿಂದ, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ತುಂಬಿಸಿಡಿ.

ಕರೆಂಟು ಹೋದ ಕೂಡಲೇ ಬ್ಯಾಟರಿ ಸೇವರ್ ಹಾಕಿ, ಪರದೆಯ ಬೆಳಕನ್ನು ತಗ್ಗಿಸಿ. ಅಮೋಲೆಡ್ ಪರದೆಯಾದರೆ ಡಾರ್ಕ್ ಥೀಮ್‌ನಿಂದ ನಿಜವಾದ ಉಳಿತಾಯವಿದೆ; ಎಲ್‌ಸಿಡಿ ಪರದೆಯ ಹಿಂದಿನ ದೀಪ ಬಣ್ಣ ಕಪ್ಪಾದರೂ ಉರಿಯುತ್ತಲೇ ಇರುವುದರಿಂದ ಅಲ್ಲಿ ಅಷ್ಟು ಪ್ರಯೋಜನವಿಲ್ಲ. ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಸಿಗ್ನಲ್ ಕ್ಷೀಣವಾದಾಗ ಫೋನು ದೂರದ ಟವರನ್ನು ಹುಡುಕುತ್ತ ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡುತ್ತದೆ. ಏನೂ ಬಳಸದಿದ್ದರೂ ಬೆಳಗಾಗುವುದರೊಳಗೆ ಬ್ಯಾಟರಿ ಬಸಿದುಹೋಗುವುದು ಇದರಿಂದಲೇ. ಸಿಗ್ನಲ್ ಸ್ವಲ್ಪವೂ ಇಲ್ಲದಿದ್ದರೆ ಏರೋಪ್ಲೇನ್ ಮೋಡ್ ಹಾಕಿಟ್ಟು, ಗಂಟೆಗೊಮ್ಮೆ ತೆಗೆದು ನೋಡಿ. ಇದ್ದೂ ಇಲ್ಲದಂತಿದ್ದರೆ 5ಜಿಯನ್ನು ನಿಲ್ಲಿಸಿ 4ಜಿಯಲ್ಲಿ ಇರಿಸಿ.

ಸಿಡಿಲಿನ ಬಗ್ಗೆ ಒಂದು ಮಾತು. ಗುಡುಗು ಕೇಳಿಸಿದ ಕೂಡಲೇ ಮೊಬೈಲ್ ಆಫ್ ಮಾಡಿ ಕಪಾಟಿನೊಳಗಿಡುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ತಂತಿಯ ಸಂಪರ್ಕವಿಲ್ಲದ ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ. ಅಪಾಯವಿರುವುದು ಚಾರ್ಜರ್ ಸಿಕ್ಕಿಸಿಕೊಂಡೇ ಮಾತಾಡುವುದರಲ್ಲಿ, ಏಕೆಂದರೆ ಸಿಡಿಲಿನ ವಿದ್ಯುತ್ತು ಮನೆಯೊಳಗೆ ಬರುವುದು ಲೈನಿನ ತಂತಿಗುಂಟ. ಸ್ವಿಚ್ ಆರಿಸಿದರೆ ಸಾಲದು, ಚಾರ್ಜರನ್ನೂ ರೂಟರಿನ ಅಡಾಪ್ಟರನ್ನೂ ಸಾಕೆಟ್ಟಿನಿಂದ ಕಿತ್ತಿಡಿ. ಆದರೆ ಇದನ್ನು ಮಾಡಬೇಕಾದದ್ದು ಮೋಡ ಕಟ್ಟುವಾಗಲೇ. ಸಿಡಿಲು ಹೊಡೆಯುತ್ತಿರುವಾಗ ಪ್ಲಗ್ಗಿಗೆ ಕೈಹಾಕಬಾರದು.

ನೆಟ್‌ವರ್ಕ್ ಇಲ್ಲದೆಯೂ ನಡೆಯುವ ಕೆಲಸಗಳು

ಇಂಟರ್ನೆಟ್ ಇಲ್ಲದಿದ್ದರೆ ಸ್ಮಾರ್ಟ್‌ಫೋನ್ ಬರೀ ಟಾರ್ಚು ಎಂಬ ಭಾವನೆ ಇದೆ. ಮುಂಚಿತವಾಗಿ ಒಂದಿಷ್ಟು ಇಳಿಸಿಕೊಂಡಿದ್ದರೆ ಹಾಗಾಗುವುದಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ ಆರಿಸಿ, ಬೇಕಾದ ಪ್ರದೇಶದ ಸುತ್ತ ಚೌಕವನ್ನು ಎಳೆದು ಡೌನ್‌ಲೋಡ್ ಮಾಡಿಕೊಳ್ಳಿ. ಮಂಗಳೂರಿನಿಂದ ಹಾಸನದವರೆಗೆ, ಉಡುಪಿಯಿಂದ ಶಿವಮೊಗ್ಗದವರೆಗೆ ಘಟ್ಟದ ಎರಡೂ ಬದಿ ಅದರಲ್ಲಿ ಬರಲಿ. ಜಿಪಿಎಸ್ ಉಪಗ್ರಹದಿಂದ ಬರುವುದರಿಂದ ಶಿರಾಡಿಯಲ್ಲಾಗಲಿ ಆಗುಂಬೆಯಲ್ಲಾಗಲಿ ಸಿಗ್ನಲ್ ಇಲ್ಲದಿದ್ದರೂ ನೀವಿರುವ ಜಾಗವನ್ನು ಫೋನು ತೋರಿಸುತ್ತದೆ. ಆದರೆ ಇಳಿಸಿಟ್ಟ ನಕ್ಷೆಗೆ ಗುಡ್ಡ ಕುಸಿದು ರಸ್ತೆ ಬಂದ್ ಆದ ಸುದ್ದಿ ತಿಳಿಯುವುದಿಲ್ಲ. ಶಿರಾಡಿ ಮುಚ್ಚಿದ ದಿನವೂ ಅದು ನಿಮ್ಮನ್ನು ಶಿರಾಡಿಗೇ ಕರೆದೊಯ್ಯುತ್ತದೆ. ಹೊರಡುವ ಮೊದಲು ಬಲ್ಲವರನ್ನು ಕೇಳುವ ಹಳೆಯ ಕ್ರಮವನ್ನು ಬಿಡಬೇಡಿ.

ಘಟ್ಟ ಹತ್ತುವ ಮುನ್ನ, ಇನ್ನೂ ಸಿಗ್ನಲ್ ಇರುವಾಗಲೇ, ವಾಟ್ಸ್‌ಆ್ಯಪ್‌ನಲ್ಲಿ ಮನೆಯವರಿಗೆ ಲೈವ್ ಲೊಕೇಶನ್ ಕಳುಹಿಸಿ. 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಆಯ್ಕೆಗಳಲ್ಲಿ ಕೊನೆಯದನ್ನು ಆರಿಸಿ. ನಡುವೆ ಸಂಪರ್ಕ ತಪ್ಪಿದರೂ ಕೊನೆಯದಾಗಿ ಎಲ್ಲಿದ್ದಿರಿ ಎಂಬುದು ಅವರಿಗೆ ಕಾಣುತ್ತದೆ.

ಮುರಕಲ್ಲಿನ ದಪ್ಪ ಗೋಡೆಯ, ಸುತ್ತ ಅಡಿಕೆ ತೋಟವಿರುವ ತಗ್ಗಿನ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಅಂಗಳದ ಮೂಲೆಯಲ್ಲಿ ಮಾತ್ರ ಸಿಗುವುದು ಹೊಸತಲ್ಲ. ಅಂಥ ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ಫೋನಿನ ಸಿಮ್ ವಿಭಾಗದಲ್ಲಿ ‘ವೈಫೈ ಕಾಲಿಂಗ್’ ಚಾಲೂ ಮಾಡಿ. ಆಗ ನಿಮ್ಮದೇ ನಂಬರಿನ ಮಾಮೂಲಿ ಕರೆಗಳು ವೈಫೈ ಮೂಲಕ ಬರುತ್ತವೆ, ಹೋಗುತ್ತವೆ. ಕೊಡೆ ಹಿಡಿದು ಅಂಗಳದಲ್ಲಿ ನಿಲ್ಲಬೇಕಾಗಿಲ್ಲ. ಇನ್ವರ್ಟರ್ ಇಲ್ಲದ ಮನೆಯವರು ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಒಂದನ್ನು ಹಾಕಿಸಿಕೊಂಡರೆ ಕರೆಂಟು ಹೋದ ಮೇಲೂ ಕೆಲವು ಗಂಟೆ ಇದು ನಡೆಯುತ್ತದೆ. ಎರಡು ಸಿಮ್ ಇರುವವರು ಎರಡನ್ನೂ ಒಂದೇ ಕಂಪನಿಯದ್ದು ಇಟ್ಟುಕೊಳ್ಳದಿರುವುದು ಜಾಣತನ.

ವಾಹನದ ಆರ್‌ಸಿ, ಚಾಲನಾ ಪರವಾನಗಿಗಳನ್ನು ಡಿಜಿಲಾಕರ್‌ನಲ್ಲಿ ತೋರಿಸಿದರೆ ಮೂಲಪ್ರತಿಯಷ್ಟೇ ಮಾನ್ಯತೆ ಇದೆ ಎಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ತಿಳಿಸಿದೆ. ಸೀಟಿನಡಿಯಲ್ಲಿ ಕಾಗದ ಒದ್ದೆಯಾಗುವ ಭಯ ಇದರಿಂದ ತಪ್ಪುತ್ತದೆ. ತಪಾಸಣೆಯ ಹೊತ್ತಿಗೆ ಆ್ಯಪ್ ತೆರೆದುಕೊಳ್ಳದಿದ್ದರೆ ಪೇಚಾಟವಾದೀತೆಂದು ಅವುಗಳ ಪಿಡಿಎಫ್ ಅನ್ನೂ ಇಳಿಸಿಟ್ಟುಕೊಂಡಿರಿ. ಇಂಟರ್ನೆಟ್ ಇಲ್ಲದೆ ಹಣ ಕಳುಹಿಸಲು *99# ಎಂಬ ಸೇವೆ ಇದ್ದು, ಅದರಲ್ಲಿ ಒಂದು ಬಾರಿಗೆ 5,000 ರೂಪಾಯಿಯವರೆಗೆ ಪಾವತಿ ಮಾಡಬಹುದು. ಎಲ್ಲ ಕಂಪನಿಗಳ ಸಿಮ್‌ನಲ್ಲೂ ಅದು ಒಂದೇ ರೀತಿ ಸಲೀಸಾಗಿ ನಡೆಯುವುದಿಲ್ಲವಾದ್ದರಿಂದ ಈಗಲೇ ಒಮ್ಮೆ ಪ್ರಯತ್ನಿಸಿ ನೋಡಿ. ಕಿಸೆಯಲ್ಲಿ ನಾಲ್ಕು ನೋಟು ಇಟ್ಟುಕೊಳ್ಳುವುದು ಅದಕ್ಕಿಂತ ಸುಲಭ ಎಂದು ಹೇಳುವವರೊಡನೆ ನನ್ನ ತಕರಾರಿಲ್ಲ.

ಫೋನಿನಲ್ಲಿ ಎಫ್‌ಎಂ ರೇಡಿಯೊ ಇದ್ದರೆ ಅದನ್ನು ಮರೆಯಬೇಡಿ. ತಂತಿಯ ಇಯರ್‌ಫೋನ್ ಸಿಕ್ಕಿಸಿದರೆ ಅದೇ ಆಂಟೆನಾ ಆಗಿ, ಇಂಟರ್ನೆಟ್ಟಿನ ಹಂಗಿಲ್ಲದೆ 100.3ರಲ್ಲಿ ಮಂಗಳೂರು ಆಕಾಶವಾಣಿ ಕೇಳಿಸುತ್ತದೆ. ತುರ್ತು ಕರೆಗೆ 112, ಜಿಲ್ಲಾಡಳಿತದ ವಿಪತ್ತು ನಿಯಂತ್ರಣ ಕೊಠಡಿಗೆ 1077, ಮೆಸ್ಕಾಂ ದೂರಿಗೆ 1912, ಈ ಮೂರನ್ನು ಮನೆಯ ಹಿರಿಯರ ಫೋನಿನಲ್ಲೂ ಹೆಸರು ಹಾಕಿ ಉಳಿಸಿಕೊಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ 112ರ ಕರೆ ಅದರ ಮೂಲಕ ಹೋಗುತ್ತದೆ ಎಂಬುದನ್ನು ಅವರಿಗೆ ತಿಳಿಸಿಯೂ ಇರಿ.

ಎಚ್ಚರಿಕೆ ಯಾವುದು, ಗಾಳಿಸುದ್ದಿ ಯಾವುದು

2023ರಲ್ಲಿ ದೇಶದ ಫೋನುಗಳೆಲ್ಲ ವಿಚಿತ್ರವಾಗಿ ಕೂಗಿ ಪರೀಕ್ಷಾ ಸಂದೇಶ ತೋರಿಸಿದ್ದು ನೆನಪಿರಬಹುದು. ಆ ಪ್ರದೇಶದ ಟವರುಗಳಿಂದ ಎಲ್ಲ ಫೋನುಗಳಿಗೆ ಏಕಕಾಲಕ್ಕೆ ತಲುಪುವ ಸೆಲ್ ಬ್ರಾಡ್‌ಕಾಸ್ಟ್ ಅದು. ಅದಕ್ಕೆ ಇಂಟರ್ನೆಟ್ ಬೇಡ. ಸದ್ದಿಗೆ ಬೇಸತ್ತು ಅದನ್ನು ಆರಿಸಿಟ್ಟಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಎಂದು ಹುಡುಕಿ ಮತ್ತೆ ಚಾಲೂ ಮಾಡಿ. ಸಿಡಿಲಿಗಾಗಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಇದೆ. ನೀವಿರುವ ಜಾಗದ 20 ಮತ್ತು 40 ಕಿ.ಮೀ. ದೂರದೊಳಗಿನ ಸಿಡಿಲನ್ನು ಅದು ತಿಳಿಸುತ್ತದೆ. ತೋಟದಲ್ಲಿ, ಗದ್ದೆಯಲ್ಲಿ ದುಡಿಯುವವರಿಗೆ ಇದು ಬಹಳ ಉಪಯುಕ್ತ.

ಇನ್ನು ‘ನಾಳೆ ಶಾಲೆಗಳಿಗೆ ರಜೆ’ ಎಂಬ ಆದೇಶದ ಚಿತ್ರ. ಹಳೆಯ ವರ್ಷದ ಆದೇಶವೊಂದು ಮಳೆ ಜೋರಾದ ಸಂಜೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮರುಹುಟ್ಟು ಪಡೆಯುತ್ತದೆ, ಮಕ್ಕಳು ಅದನ್ನು ಹೆತ್ತವರಿಗಿಂತ ಮೊದಲು ನಂಬುತ್ತಾರೆ. ಚಿತ್ರವನ್ನು ಹಿಗ್ಗಿಸಿ ದಿನಾಂಕ, ಜಿಲ್ಲೆ, ತಾಲೂಕುಗಳನ್ನು ಓದಿ, ಜಿಲ್ಲಾಧಿಕಾರಿಗಳ ಅಧಿಕೃತ ಖಾತೆಯಲ್ಲಿ ಅದೇ ಇದೆಯೇ ಎಂದು ನೋಡಿದ ನಂತರ ಮುಂದಕ್ಕೆ ಕಳುಹಿಸಿ.

ನೀರು, ಉಪ್ಪು, ಕುಚ್ಚಲಕ್ಕಿ

‘ನನ್ನದು ಐಪಿ 68, ಏನೂ ಆಗುವುದಿಲ್ಲ’ ಎಂದು ಮಲ್ಪೆಯ ಅಲೆಗಳಲ್ಲಿ ಫೋನ್ ಹಿಡಿದು ನಿಲ್ಲುವವರನ್ನು ಕಂಡಾಗ ಮಾತಾಡಿಸಬೇಕೆನಿಸುತ್ತದೆ. ಆ ಅಂಕಿಗಳಲ್ಲಿ ಮೊದಲನೆಯದು ಧೂಳಿನದು, ಎರಡನೆಯದು ನೀರಿನದು. 7 ಎಂದಿದ್ದರೆ 1 ಮೀಟರ್ ಆಳದಲ್ಲಿ 30 ನಿಮಿಷ ತಡೆಯಬಲ್ಲದು ಎಂದೂ, 8 ಎಂದಿದ್ದರೆ ಅದಕ್ಕಿಂತ ಕಠಿಣವಾಗಿ, ತಯಾರಕರು ಹೇಳಿದ ಆಳ ಮತ್ತು ಹೊತ್ತಿಗೆ ತಕ್ಕಂತೆ ಪರೀಕ್ಷಿಸಲಾಗಿದೆ ಎಂದೂ ಅರ್ಥ. ಆದರೆ ಈ ಪರೀಕ್ಷೆಗಳು ನಡೆಯುವುದು ನಿಂತ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ಉಪ್ಪುನೀರು ಲೋಹವನ್ನು ಬೇಗ ತಿನ್ನುತ್ತದೆ. ಫೋನಿನ ಅಂಚಿನ ಅಂಟು ವರ್ಷಗಳು ಕಳೆದಂತೆ ಸಡಿಲಗೊಳ್ಳುತ್ತದೆ. ಒಮ್ಮೆ ಪರದೆ ಬದಲಾಯಿಸಲು ಬಿಚ್ಚಿದ ಫೋನಿಗೆ ಆ ರಕ್ಷಣೆ ಹಾಗೆಯೇ ಉಳಿದಿದೆ ಎಂದು ಭರವಸೆ ಇಟ್ಟುಕೊಳ್ಳುವಂತಿಲ್ಲ.

ದ್ವಿಚಕ್ರ ಸವಾರರು ಜಿಪ್ ಇರುವ ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಸದಾ ಜೊತೆಗಿಟ್ಟುಕೊಳ್ಳಲಿ. ಅದರ ಮೇಲಿನಿಂದಲೂ ಪರದೆ ಸ್ಪರ್ಶಕ್ಕೆ ಸ್ಪಂದಿಸುತ್ತದೆ. ಹೊಸ ಚಪ್ಪಲಿ, ಚೀಲಗಳೊಂದಿಗೆ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಎಸೆಯದೆ ಅದರೊಳಗೆ ಹಾಕಿಡಿ. ಪರದೆಯ ಮೇಲಿನ ಮಳೆಹನಿಯನ್ನೂ ಫೋನು ಬೆರಳೆಂದೇ ತಿಳಿಯುವುದರಿಂದ ಒದ್ದೆಯಲ್ಲಿ ಕರೆ ತಾನಾಗಿ ಕಡಿದುಹೋಗುವುದುಂಟು. ಹಸಿ ಬೆರಳನ್ನು ಫಿಂಗರ್‌ಪ್ರಿಂಟ್ ಗುರುತಿಸದಿರಬಹುದು, ಆದ್ದರಿಂದ ಪಿನ್ ನೆನಪಿರಲಿ. ಫೋಟೊ ತೆಗೆಯಲು ವಾಲ್ಯೂಮ್ ಗುಂಡಿಯನ್ನು ಒತ್ತಿದರಾಯಿತು.

ಫೋನ್ ನೀರಿಗೆ ಬಿದ್ದರೆ ಕೂಡಲೇ ಸ್ವಿಚ್ ಆಫ್ ಮಾಡಿ. ಕೆಲಸ ಮಾಡುತ್ತದೆಯೋ ನೋಡೋಣ ಎಂದು ಚಾರ್ಜರ್ ಸಿಕ್ಕಿಸುವುದೇ ಹೆಚ್ಚಿನ ಫೋನುಗಳ ಕೊನೆ. ಕವರ್ ತೆಗೆದು, ಸಿಮ್ ಟ್ರೇ ಹೊರಗೆಳೆದು, ಹತ್ತಿಬಟ್ಟೆಯಿಂದ ಒರೆಸಿ. ಚಾರ್ಜಿಂಗ್ ಬಾಯಿಯನ್ನು ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿ ನೀರಿಳಿಸಿ, ಗಾಳಿಯಾಡುವ ಕಡೆ ಫ್ಯಾನಿನಡಿ ಇಡಿ. ಬಾಯಿಯಲ್ಲಷ್ಟೇ ತೇವವಿದ್ದರೆ ಕನಿಷ್ಠ ಅರ್ಧ ಗಂಟೆ, ಪೂರ್ತಿ ಮುಳುಗಿದ್ದರೆ ಒಂದು ದಿನವಾದರೂ ಮುಟ್ಟಬೇಡಿ. ಹೇರ್ ಡ್ರೈಯರ್ ಬೇಡ, ಒಲೆಯ ಪಕ್ಕವೂ ಬೇಡ. ಸಮುದ್ರಕ್ಕೆ ಬಿದ್ದಿದ್ದರೆ ಒಣಗಿಸಿ ಮನೆಯಲ್ಲೇ ಕಾಯುವ ಬದಲು ಆದಷ್ಟು ಬೇಗ ರಿಪೇರಿಯವರ ಕೈಗೆ ಕೊಡಿ.

ಅಕ್ಕಿ ಡಬ್ಬದ ಉಪಾಯವನ್ನು ನಾನೂ ನಂಬಿದ್ದೆ. ಕೆಲವು ವರ್ಷಗಳ ಹಿಂದೆ ಕಲ್ಸಂಕದ ಬಳಿ ಮಳೆಗೆ ಸಿಕ್ಕಿ ತೊಯ್ದ ಫೋನನ್ನು ಎರಡು ದಿನ ಕುಚ್ಚಲಕ್ಕಿಯಲ್ಲಿ ಹೂತಿಟ್ಟಿದ್ದೆ. ರಿಪೇರಿ ಅಂಗಡಿಯವರು ಬಿಚ್ಚಿ, ನೀರಿನ ಕಲೆಗಿಂತ ಹೆಚ್ಚಾಗಿ ಚಾರ್ಜಿಂಗ್ ಬಾಯಿಯಲ್ಲಿ ಗಟ್ಟಿಯಾಗಿ ಕೂತಿದ್ದ ತೌಡನ್ನು ತೋರಿಸಿದರು. ಅಕ್ಕಿಯ ಕಣಗಳು ಫೋನಿಗೆ ಹಾನಿ ಮಾಡಬಹುದು, ಅಕ್ಕಿಯಲ್ಲಿ ಇಡಬೇಡಿ ಎಂದು ಆ್ಯಪಲ್ ಕಂಪನಿಯೇ ತನ್ನ ಸಲಹೆಯಲ್ಲಿ ಬರೆದಿದೆ. ಆ ಬಾಯಿಯಲ್ಲಿ ಕಿಸೆಯ ನೂಲುಧೂಳು ಕಟ್ಟಿಕೊಂಡು ಚಾರ್ಜರ್ ಸರಿಯಾಗಿ ಕೂರದಿದ್ದರೆ, ಫೋನ್ ಪೂರ್ತಿ ಒಣಗಿರುವಾಗ ಆಫ್ ಮಾಡಿ, ಹಿಡಿಸೂಡಿಯ ತೆಳು ಕಡ್ಡಿಯಿಂದ ಮೆಲ್ಲನೆ ಕೆದಕಿ ತೆಗೆಯಬಹುದು. ಸೂಜಿ, ಪಿನ್ನು ಮಾತ್ರ ಬೇಡ.

ಇಷ್ಟಾದರೂ ಫೋನ್ ಹೋಗುವ ದಿನ ಹೋಗುತ್ತದೆ. ಫೋಟೊಗಳನ್ನು ಮೇ ತಿಂಗಳಲ್ಲೇ ಕಂಪ್ಯೂಟರಿಗೋ ಗೂಗಲ್ ಖಾತೆಗೋ ನಕಲು ಮಾಡಿಡಿ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಲೆಕ್ಕವಾಗುತ್ತದೆ. ಹಾಗಾಗಿ ವಾಟ್ಸ್‌ಆ್ಯಪ್‌ನ ‘ಮ್ಯಾನೇಜ್ ಸ್ಟೋರೇಜ್’ನಲ್ಲಿ ದೊಡ್ಡ ವಿಡಿಯೊಗಳನ್ನು ಮೊದಲು ಅಳಿಸಿ. *#06# ಒತ್ತಿದರೆ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಖರೀದಿಯ ಬಿಲ್ಲನ್ನು ಅಲ್ಲೇ ಪಿನ್ ಮಾಡಿಡಿ. ಫೋನ್ ಕಳೆದುಹೋದರೆ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿಯೊಂದಿಗೆ, ಆ ಸಂಖ್ಯೆಯನ್ನು ಸಂಚಾರ ಸಾಥಿ ಜಾಲತಾಣದಲ್ಲಿ ತುಂಬಿದರೆ ಫೋನನ್ನು ದೇಶದ ಎಲ್ಲ ನೆಟ್‌ವರ್ಕ್‌ಗಳಲ್ಲಿ ತಡೆಹಿಡಿಯಬಹುದು. ಮರಳಿ ಸಿಕ್ಕಿದ ಮೇಲೆ ಅಲ್ಲಿಯೇ ಬಿಡಿಸಿಕೊಳ್ಳಲೂಬಹುದು.